ರೆಕ್ಕೆಗೆ ಮೊದಲು ಕಿವಿ: ಟೆರೋಸಾರ್ ಮಾದರಿಗಳ ಪೆಟ್ಟಿಗೆ
ನಮ್ಮ ಬಡಾವಣೆಯ ಮಕ್ಕಳ ವಾಚನಾಲಯಕ್ಕೆಂದು ಕಳೆದ ತಿಂಗಳು 2,850 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ ಈ ಪೆಟ್ಟಿಗೆಯಲ್ಲಿ ಮೂರು ಪ್ರಾಣಿಗಳ ಪ್ಲಾಸ್ಟಿಕ್ ಮಾದರಿಗಳು, ಹಲವು ಪಟ್ಟು ಹಿಗ್ಗಿಸಿದ ಒಂದು ಒಳಕಿವಿಯ ಅಚ್ಚು ಮತ್ತು ಹದಿನಾರು ಪುಟಗಳ ಕೈಪಿಡಿ ಇವೆ. ಟೆರೋಸಾರ್‌ಗಳು, ಅಂದರೆ ಇತಿಹಾಸಪೂರ್ವದ ಹಾರುವ ಸರೀಸೃಪಗಳು, ಎಲ್ಲಿಂದ ಬಂದವು ಎಂಬುದನ್ನು ತೋರಿಸುವುದು ಇದರ ಉದ್ದೇಶ. ರೆಕ್ಕೆಯೇ ಇಲ್ಲದ ಪ್ರಾಣಿಯಿಂದ ಕಥೆಯನ್ನು ಆರಂಭಿಸಿರುವುದನ್ನು ಕಂಡೇ ನಾನು ಇದನ್ನು ಕೊಂಡೆ.

ಆ ಮೊದಲ ಪ್ರಾಣಿ ವೆನೆಟೊರ್ಯಾಪ್ಟರ್. ದಕ್ಷಿಣ ಬ್ರೆಜಿಲ್‌ನ ರಿಯೊ ಗ್ರಾಂಡೆ ಡೊ ಸುಲ್ ರಾಜ್ಯದಲ್ಲಿ ದೊರೆತ ಪಳೆಯುಳಿಕೆಯನ್ನು ಆಧರಿಸಿ 2023ರಲ್ಲಿ ಇದಕ್ಕೆ ಹೆಸರಿಡಲಾಯಿತು. ಸುಮಾರು 23 ಕೋಟಿ ವರ್ಷಗಳ ಹಿಂದೆ ಬದುಕಿದ್ದ ಇದು ಲಾಗೆರ್ಪೆಟಿಡ್ ಎಂಬ ಗುಂಪಿಗೆ ಸೇರಿದೆ. ಮಾದರಿಯಲ್ಲಿ ಬಾಗಿದ ಕೊಕ್ಕನ್ನೂ ಕೈಬೆರಳುಗಳ ಉದ್ದನೆಯ ಕೊಕ್ಕೆಯಂಥ ಉಗುರುಗಳನ್ನೂ ಬಹಳ ಶ್ರದ್ಧೆಯಿಂದ ರೂಪಿಸಿದ್ದಾರೆ. ಈ ಗುಂಪಿನ ಲಾಗೆರ್ಪೆಟಾನ್ ಅರ್ಜೆಂಟೀನಾದಿಂದ 1971ರಲ್ಲೇ ಪರಿಚಿತವಾಗಿದ್ದರೂ, ಮುಖ್ಯವಾಗಿ ಹಿಂಗಾಲಿನ ಮೂಳೆಗಳಷ್ಟೇ ಕೈಯಲ್ಲಿದ್ದುದರಿಂದ ಅದನ್ನು ದಶಕಗಳ ಕಾಲ ಡೈನೋಸಾರ್‌ಗಳ ಪಕ್ಕದಲ್ಲೇ ಕೂರಿಸಲಾಗಿತ್ತು. ಮುಂದೆ ಗುಂಪಿನ ಬೇರೆ ಸದಸ್ಯರ ತಲೆಬುರುಡೆ, ಹಲ್ಲು ಮತ್ತು ಕೈಗಳ ಭಾಗಗಳು ಸಿಕ್ಕ ಮೇಲೆ, ಪಳೆಯುಳಿಕೆ ತಜ್ಞ ಮಾರ್ಟಿನ್ ಎಸ್ಕುರಾ ಮತ್ತು ಸಂಗಡಿಗರು 2020ರಲ್ಲಿ ಅವೆಲ್ಲವನ್ನೂ ಹೋಲಿಸಿ, ಇವು ಟೆರೋಸಾರ್‌ಗಳಿಗೇ ಅತ್ಯಂತ ಹತ್ತಿರದ ಬಂಧುಗಳೆಂದು ತೋರಿಸಿದರು.

ಪೆಟ್ಟಿಗೆಯಲ್ಲಿ ನಾನು ಅತಿ ಹೆಚ್ಚು ಹೊತ್ತು ಕೈಯಲ್ಲಿ ಹಿಡಿದಿದ್ದು ಒಳಕಿವಿಯ ಅಚ್ಚನ್ನು. ಅಂಗೈಯಷ್ಟು ಅಗಲದ ಈ ನೀಲಿ ತುಂಡಿನಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿದ್ದು, ಅವುಗಳಲ್ಲೊಂದು ಕಮಾನಿನಂತೆ ಎತ್ತರಕ್ಕೆ ಎದ್ದಿದೆ. ತಲೆ ಯಾವ ಕಡೆಗೆ, ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದನ್ನು ಗ್ರಹಿಸಿ ದೃಷ್ಟಿಯನ್ನೂ ಸಮತೋಲವನ್ನೂ ಕಾಯುವ ಈ ಅಂಗ, ಸಿ.ಟಿ. ಸ್ಕ್ಯಾನ್‌ನಲ್ಲಿ ಕಂಡಂತೆ, ಲಾಗೆರ್ಪೆಟಿಡ್‌ಗಳಲ್ಲೂ ಟೆರೋಸಾರ್‌ಗಳಲ್ಲೂ ಒಂದೇ ಬಗೆಯಾಗಿದೆ. ಹಾರಾಟಕ್ಕೆ ಒದಗಿಬಂದ ಕಿವಿ ಹಾರಾಟಕ್ಕೂ ಮೊದಲೇ, ನೆಲದ ಮೇಲೆ ಚುರುಕಾಗಿ ಓಡಾಡುತ್ತಿದ್ದ ಜೀವಿಗಳಲ್ಲೇ ಇತ್ತು ಎಂಬುದನ್ನು ಚಿತ್ರಕ್ಕಿಂತ ಈ ತುಂಡು ಚೆನ್ನಾಗಿ ಮನದಟ್ಟು ಮಾಡಿಸುತ್ತದೆ.

ಎರಡನೆಯ ಪ್ರಾಣಿಯ ಬಗ್ಗೆ ಮಾತ್ರ ನನಗೆ ತೀವ್ರ ಆಕ್ಷೇಪವಿದೆ. ಮುಂಗೈಯಿಂದ ಪಕ್ಕೆಯವರೆಗೆ ಚಿಕ್ಕ ಚರ್ಮದ ಪೊರೆ ಹೊತ್ತ ಈ ‘ಅರೆರೆಕ್ಕೆ’ಯ ಜೀವಿಯನ್ನು ಉಳಿದೆರಡರ ನಡುವೆ, ಅದೇ ಬಣ್ಣದಲ್ಲಿ, ಅದೇ ಬಗೆಯ ಹೆಸರುಪಟ್ಟಿಯೊಂದಿಗೆ ಕೊಟ್ಟಿದ್ದಾರೆ. ಹತ್ತು ವರ್ಷದ ಹುಡುಗಿಯೊಬ್ಬಳು, “ಇದು ಯಾವ ದೇಶದಲ್ಲಿ ಸಿಕ್ಕಿತು, ಸರ್?” ಎಂದು ಕೇಳಿದಾಗ ಕೈಪಿಡಿಯಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಅಂಥ ಪಳೆಯುಳಿಕೆ ಎಲ್ಲಿಯೂ ಸಿಕ್ಕಿಲ್ಲ. ಕಲ್ಪನೆಯಿಂದ ಮಾದರಿ ಮಾಡುವುದು ತಪ್ಪಲ್ಲ, ಆದರೆ ಕಲ್ಪನೆಯೆಂದು ಬರೆಯಬೇಕಿತ್ತು. ಸಾಲಾಗಿ ಜೋಡಿಸಿದ್ದರಿಂದ ವೆನೆಟೊರ್ಯಾಪ್ಟರ್ ಟೆರೋಸಾರ್‌ಗಳ ಮುತ್ತಜ್ಜ ಎಂಬ ಭಾವನೆಯೂ ಮಕ್ಕಳಲ್ಲಿ ಮೂಡುತ್ತದೆ. ಅದು ಅಜ್ಜನಲ್ಲ, ದಾಯಾದಿ. ಈಗ ನಮ್ಮ ಕಪಾಟಿನಲ್ಲಿ ಎರಡನೆಯದನ್ನು ಬೇರೆ ತಟ್ಟೆಗೆ ಸರಿಸಿ, ‘ಊಹೆ’ ಎಂದು ಚೀಟಿ ಅಂಟಿಸಿದ್ದೇವೆ.

ಮೂರನೆಯದು ಇಟಲಿಯ ಬೆರ್ಗಾಮೊ ಬಳಿ ದೊರೆತ, 1973ರಲ್ಲಿ ಹೆಸರು ಪಡೆದ ಯುಡಿಮಾರ್ಫೊಡಾನ್. ಸುಮಾರು 21 ಕೋಟಿ ವರ್ಷಗಳ ಹಿಂದಿನ ಈ ಟೆರೋಸಾರ್‌ನ ರೆಕ್ಕೆ ಆಗಲೇ ಸಂಪೂರ್ಣವಾಗಿತ್ತು. ಬಾವಲಿಯ ರೆಕ್ಕೆಯನ್ನು ಹಲವು ಬೆರಳುಗಳು ಹಿಡಿದರೆ, ಇಲ್ಲಿ ನಮ್ಮ ಉಂಗುರದ ಬೆರಳಿಗೆ ಸಮನಾದ ನಾಲ್ಕನೆಯ ಬೆರಳೊಂದೇ ಅಸಾಧಾರಣವಾಗಿ ನೀಳವಾಗಿ ಪೊರೆಯನ್ನು ಹೊತ್ತಿದೆ. ಮಾದರಿಯಲ್ಲಿ ಆ ಬೆರಳನ್ನು ಮಡಚಿ ಬಿಡಿಸಬಹುದು. ಒಂದು ವಾರದಲ್ಲೇ ಎಡಗೈಯ ಕೀಲು ಸಡಿಲವಾಯಿತು, ದೂರು ಕೊಟ್ಟ ಮೇಲೆ ಮಾರಾಟಗಾರರು ಬದಲಿ ಕಳುಹಿಸಿದರು.

ಕೈಪಿಡಿಯ ಹಿಂಬದಿಯಲ್ಲಿ ‘ಹಾರುವ ಡೈನೋಸಾರ್‌ಗಳು’ ಎಂದು ಅಚ್ಚಾಗಿದೆ. ಇಷ್ಟೆಲ್ಲ ಶ್ರಮಪಟ್ಟವರು ಇದನ್ನು ಹೇಗೆ ಬಿಟ್ಟರೋ! ಟೆರೋಸಾರ್‌ಗಳು ಡೈನೋಸಾರ್‌ಗಳಲ್ಲ, ಅವುಗಳ ಬಂಧುಗಳಷ್ಟೇ. ಹಾರುವ ಡೈನೋಸಾರ್‌ಗಳೆಂದರೆ ಡೈನೋಸಾರ್ ವಂಶದಲ್ಲೇ ಬಂದ ಹಕ್ಕಿಗಳು, ನಮ್ಮ ಅಂಗಳದ ಗುಬ್ಬಿ, ಕಾಗೆಗಳು. ಸ್ಕಾಟ್ಲೆಂಡಿನ ಎಲ್ಗಿನ್ ಮರಳುಗಲ್ಲಿನಲ್ಲಿ ಅಚ್ಚಾಗಿ ಉಳಿದು 1907ರಲ್ಲಿ ಹೆಸರು ಪಡೆದ, ಗೇಣುದ್ದದ ಸ್ಕ್ಲೆರೊಮೊಕ್ಲಸ್ ಎಂಬ ಸರೀಸೃಪದ ಸುಳಿವೂ ಪೆಟ್ಟಿಗೆಯಲ್ಲಿ ಇಲ್ಲ. 2022ರ ಸ್ಕ್ಯಾನ್ ಅಧ್ಯಯನವು ಅದನ್ನು ಇದೇ ಬಂಧುಬಳಗಕ್ಕೆ ಸೇರಿಸಿರುವಾಗ, ಕಾಲ್ಪನಿಕ ಪ್ರಾಣಿಯ ಬದಲು ಅದನ್ನೇ ಮಾಡಬಹುದಿತ್ತು.

ಮನೆಯ ಆಟಿಕೆಯಾಗಿ ಇದು ದುಬಾರಿ. ಶಾಲೆ ಅಥವಾ ವಾಚನಾಲಯಕ್ಕಾದರೆ ಕೊಳ್ಳಬಹುದು, ಕೈಪಿಡಿಯನ್ನು ದೊಡ್ಡವರು ಮೊದಲು ಓದಿ ತಿದ್ದಿಟ್ಟಿರಬೇಕು, ಅಷ್ಟೆ.