ಮೆಹೆಂದಿ ಹಚ್ಚಿದ ಕೂದಲಿಗೆ ಬ್ಲೀಚ್ ಹಾಕುವ ಮುಂಚೆ ಇದನ್ನು ಓದಿ

ಕಳೆದ ವರ್ಷ ನನ್ನ ಅರ್ಧಕ್ಕಿಂತ ಜಾಸ್ತಿ ಕೂದಲು ಬಚ್ಚಲಿನಲ್ಲಿ ತುಂಡಾಗಿ ಬಿತ್ತು. ಬುಡದಿಂದ ಉದುರಿದ್ದಲ್ಲ, ನಡುವೆಯೇ ಕಡಿದು ಹೋದದ್ದು. ಒದ್ದೆ ಎಳೆಯನ್ನು ಬೆರಳಿಗೆ ತೆಗೆದುಕೊಂಡರೆ ಬೆಂದ ಶಾವಿಗೆಯ ಹಾಗೆ ಮೆತ್ತಗೆ ಹಿಗ್ಗುತ್ತಿತ್ತು, ಆಮೇಲೆ ಸದ್ದಿಲ್ಲದೆ ಕಿತ್ತು ಬರುತ್ತಿತ್ತು. ಸೊಂಟದ ತನಕ ಇದ್ದ ಜಡೆ ಅದು. ಚಿಕ್ಕಂದಿನಿಂದ ಅಮ್ಮ ಎಣ್ಣೆ ಹಚ್ಚಿ ಬೆಳೆಸಿದ್ದು. ಬಾಗಿಲಲ್ಲಿ ನಿಂತಿದ್ದ ಅಮ್ಮನ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ.

ನಡೆದದ್ದನ್ನು ಪೂರ್ತಿ ಹೇಳುತ್ತೇನೆ. ನಾನು ಮಾಡಿದ ತಪ್ಪು ನಮ್ಮ ಕಡೆ ಯಾವ ಮನೆಯಲ್ಲಾದರೂ ಆಗಬಹುದು.

ತಂಗಿಯ ನಿಶ್ಚಿತಾರ್ಥಕ್ಕೆ ಹತ್ತು ದಿನ ಇತ್ತು. ಜಡೆಯ ಕೆಳಭಾಗಕ್ಕೆ ಜೇನುತುಪ್ಪದ ಬಣ್ಣ ಬರಬೇಕು ಅಂತ ಆಸೆ. ಪಾರ್ಲರಿನಲ್ಲಿ ಹೇಳಿದ ರೇಟು ಜಾಸ್ತಿ ಅನ್ನಿಸಿತು. ಪಾರ್ಲರ್ ಸಾಮಾನು ಮಾರುವ ಅಂಗಡಿಗೆ ಹೋಗಿ ಬ್ಲೀಚ್ ಪುಡಿ, ಅದನ್ನು ಕಲಸುವ ಡೆವಲಪರ್ ಅನ್ನುವ ದ್ರವ, ಬ್ರಷ್ಷು ತಂದೆ. ಅಂಗಡಿಯವರು ಒಂದು ಮಾತು ಕೇಳಿದರು, "ಮೇಡಂ, ಕೂದಲಿಗೆ ಮುಂಚೆ ಏನಾದ್ರೂ ಬಣ್ಣ ಹಾಕಿದ್ದೀರಾ?"

ಇಲ್ಲ ಅಂದೆ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಮೆಹೆಂದಿಯನ್ನು ನಾನು ಬಣ್ಣ ಅಂತ ಎಣಿಸಿಯೇ ಇರಲಿಲ್ಲ.

ನಮ್ಮ ಮನೆಯಲ್ಲಿ ಮೆಹೆಂದಿ ಕಲಸುವುದು ಕಬ್ಬಿಣದ ಬಾಣಲೆಯಲ್ಲಿ. ರಾತ್ರಿ ಟೀ ಡಿಕಾಕ್ಷನ್ ಸುರಿದು, ಅರ್ಧ ನಿಂಬೆಹಣ್ಣು ಹಿಂಡಿ ಮುಚ್ಚಿಟ್ಟರೆ ಬೆಳಿಗ್ಗೆ ಹೊತ್ತಿಗೆ ಮೇಲೆಲ್ಲ ಕಪ್ಪಾಗಿರುತ್ತದೆ. ಅಜ್ಜಿ ಹೇಳಿಕೊಟ್ಟ ಕ್ರಮ. ಆ ಕಪ್ಪು ಎಲ್ಲಿಂದ ಬರುತ್ತದೆ ಅಂತ ಯಾರೂ ಕೇಳಿದವರಲ್ಲ. ಗೋರಂಟಿ ಎಲೆಯಲ್ಲಿ ಕಪ್ಪು ಬಣ್ಣ ಇಲ್ಲವೇ ಇಲ್ಲ. ಅದರಲ್ಲಿರುವ ಲಾಸೋನ್ ಅನ್ನುವ ಬಣ್ಣದ ಅಂಶ ಕೊಡುವುದು ಕಿತ್ತಳೆ, ಕೆಂಪು, ಕೆಂಗಂದು ಇಷ್ಟೇ. ನಿಂಬೆಯ ಹುಳಿಗೆ ಬಾಣಲೆಯ ಕಬ್ಬಿಣ ಸ್ವಲ್ಪ ಸ್ವಲ್ಪವೇ ಬಿಡುತ್ತದೆ, ಟೀಯ ಒಗರಿನ ಜೊತೆ ಸೇರಿ ಕಪ್ಪಾಗುತ್ತದೆ. ಹಿಂದಿನ ಕಾಲದಲ್ಲಿ ಒಗರು ಮತ್ತು ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದರಲ್ಲ, ಅದೇ ಇದು. ಅದರಲ್ಲಿ ಕೂದಲಿಗೆ ಅಂಟಿದ ಕಬ್ಬಿಣ ಶಾಂಪೂವಿಗೆ ಸುಲಭವಾಗಿ ಹೋಗುವುದಿಲ್ಲ. ನಾನು ಆರು ವರ್ಷ ತಿಂಗಳಿಗೊಮ್ಮೆ ಹಚ್ಚಿದ್ದೆ.

ಅದು ಸಾಲದು ಅಂತ ಎರಡು ಮೂರು ಸಲ ಅವಸರಕ್ಕೆ ಅಂಗಡಿಯ ಕಪ್ಪು ಮೆಹೆಂದಿ ಪ್ಯಾಕೆಟ್ ಕೂಡ ಹಚ್ಚಿದ್ದೆ. ಅರ್ಧ ಗಂಟೆಯಲ್ಲಿ ಕಪ್ಪಾಗುವ ಪುಡಿ ಬರೀ ಗೋರಂಟಿ ಎಲೆ ಆಗಿರಲು ಸಾಧ್ಯವಿಲ್ಲ. ಸಾಮಾನ್ಯವಾಗಿ ಅದರಲ್ಲಿ ಪಿಪಿಡಿ ಅನ್ನುವ ಡೈ ಇರುತ್ತದೆ, ಕೆಲವದರಲ್ಲಿ ಲೋಹದ ಲವಣಗಳೂ ಇರುತ್ತವೆ. ಪ್ಯಾಕೆಟ್ಟಿನ ಮುಂದೆ ದೊಡ್ಡದಾಗಿ ಎಲೆಯ ಚಿತ್ರ ಇರುತ್ತದೆ. ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿ, ದಯವಿಟ್ಟು.

ಭಾನುವಾರ ಮಧ್ಯಾಹ್ನ ಸ್ಟೀಲ್ ಬಟ್ಟಲಿನಲ್ಲಿ ಪುಡಿ ಕಲಸಿದೆ. ಡೆವಲಪರ್ 30 ವಾಲ್ಯೂಮ್. ಅಂದರೆ ಅದರಲ್ಲಿ ಕೂದಲಿನ ಬಣ್ಣ ತೆಗೆಯುವ ಹೈಡ್ರೋಜನ್ ಪೆರಾಕ್ಸೈಡ್ ಶೇ. 9ರಷ್ಟು. ಜಡೆ ಬಿಚ್ಚಿ, ಹಚ್ಚಿ, ವಿಡಿಯೋದಲ್ಲಿ ತೋರಿಸಿದ ಹಾಗೆ ಅಲ್ಯುಮಿನಿಯಂ ಫಾಯಿಲ್ ಸುತ್ತಿದೆ. ಹತ್ತು ನಿಮಿಷಕ್ಕೆ ಫಾಯಿಲ್ ಬೆಚ್ಚಗಾಯಿತು. ಬಣ್ಣ ಹಿಡಿಯುತ್ತಿದೆ ಅಂದುಕೊಂಡೆ. ಇನ್ನೈದು ನಿಮಿಷಕ್ಕೆ ಕೈಯಲ್ಲಿ ಹಿಡಿಯಲು ಆಗದಷ್ಟು ಬಿಸಿ. ಕೂದಲು ಸುಟ್ಟ ವಾಸನೆ. ಬೆನ್ನ ಮೇಲಿದ್ದ ಒಂದು ಫಾಯಿಲ್ ಕತ್ತಿಗೆ ತಾಗಿ ಚುರ್ ಅಂದಾಗ ಹೆದರಿ ಬಚ್ಚಲಿಗೆ ಓಡಿದೆ.

ಪೆರಾಕ್ಸೈಡ್ ತನ್ನ ಪಾಡಿಗೆ ನಿಧಾನವಾಗಿ ಕೆಲಸ ಮಾಡುವ ವಸ್ತು. ಕಬ್ಬಿಣ, ತಾಮ್ರದಂಥ ಲೋಹ ಸಿಕ್ಕರೆ ಒಮ್ಮೆಲೇ ಒಡೆಯುತ್ತದೆ, ಶಾಖ ಬಿಡುತ್ತದೆ. ಫಾಯಿಲ್ ಒಳಗೆ ಆ ಶಾಖಕ್ಕೆ ಹೊರಗೆ ಹೋಗಲು ದಾರಿ ಇಲ್ಲ. ಕೂದಲನ್ನು ಗಟ್ಟಿಯಾಗಿ ಹಿಡಿದಿರುವ ಒಳಗಿನ ಗಂಧಕದ ಬಂಧಗಳೇ ಕಳಚಿಹೋಗುತ್ತವೆ. ಹಾಗಾದ ಕೂದಲನ್ನು ಯಾವ ಮಾಸ್ಕೂ ಯಾವ ಎಣ್ಣೆಯೂ ಮೊದಲಿನ ಹಾಗೆ ಮಾಡುವುದಿಲ್ಲ. ಕತ್ತರಿಯೇ ಗತಿ.

ಆ ಗಾಬರಿಯಲ್ಲಿ ಇನ್ನೊಂದು ತಪ್ಪು ಮಾಡಿದೆ. ಗೀಸರ್ ನೀರು ಬಿಟ್ಟುಕೊಂಡು ಶಾಂಪೂ ಹಾಕಿ ಗಸಗಸ ಉಜ್ಜಿದೆ. ಹಾಗೆ ಮಾಡಬಾರದು. ಬಿಸಿಯಾಗತೊಡಗಿದ ತಕ್ಷಣ ಫಾಯಿಲ್ ಕಿತ್ತು, ತಣ್ಣೀರು ಹರಿಯಲು ಬಿಡಬೇಕು. ಚರ್ಮ ಉರಿಯುತ್ತಿದ್ದರೆ ಕಡಿಮೆ ಅಂದರೂ 20 ನಿಮಿಷ ನೀರು ಹರಿಯುತ್ತಲೇ ಇರಬೇಕು. ನಾನು ಉಜ್ಜಿದ ಜಾಗದಲ್ಲೆಲ್ಲ ಬೊಬ್ಬೆ ಬಂದವು. ಮರುದಿನ ಚರ್ಮದ ಡಾಕ್ಟರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಮೆಹೆಂದಿ ಹಚ್ತೀರಾ?" ಕಬ್ಬಿಣದ ಬಾಣಲೆಯದ್ದೋ, ಪ್ಯಾಕೆಟ್ಟಿನಲ್ಲಿದ್ದದ್ದೋ, ಎರಡೂ ಸೇರಿಯೋ, ಈಗ ಬೇರೆ ಮಾಡಿ ಹೇಳಲು ಆಗುವುದಿಲ್ಲ ಅಂದರು. ಬುಡ ಸುಟ್ಟಿಲ್ಲ, ಕೂದಲು ಮತ್ತೆ ಬರುತ್ತದೆ ಅಂದಾಗ ಅಲ್ಲೇ ಅತ್ತುಬಿಟ್ಟೆ. ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಸೊಂಟಕ್ಕೆ ಬರಲು ಎಷ್ಟು ವರ್ಷ ಬೇಕು ನೀವೇ ಲೆಕ್ಕ ಹಾಕಿ.

ಇಷ್ಟೆಲ್ಲ ತಪ್ಪಿಸಲು ಹತ್ತು ಎಳೆ ಕೂದಲು ಸಾಕಿತ್ತು. ಬಾಚಣಿಗೆಯಲ್ಲಿ ಬಂದದ್ದನ್ನೋ, ಜಡೆಯ ತುದಿಯಿಂದ ಕತ್ತರಿಸಿದ್ದನ್ನೋ ದಾರದಲ್ಲಿ ಕಟ್ಟಿ, ಪ್ಲಾಸ್ಟಿಕ್ ಅಥವಾ ಗಾಜಿನ ಬಟ್ಟಲಲ್ಲಿ ಸ್ವಲ್ಪ ಬ್ಲೀಚ್ ಕಲಸಿ ಅದರಲ್ಲಿ ಅರ್ಧ ಗಂಟೆ ಬಿಡಿ. ಪಕ್ಕದಲ್ಲೇ ಇದ್ದು ಐದೈದು ನಿಮಿಷಕ್ಕೆ ಬಟ್ಟಲನ್ನು ಹೊರಗಿನಿಂದ ಮುಟ್ಟಿ ನೋಡಿ. ಬಿಸಿಯಾದರೆ, ನೊರೆ ಉಕ್ಕಿದರೆ, ಕೆಟ್ಟ ವಾಸನೆ ಬಂದರೆ, ತೊಳೆದ ಮೇಲೆ ಎಳೆ ಹಿಗ್ಗಿ ಕಿತ್ತರೆ, ಆ ಕೂದಲಿಗೆ ಬ್ಲೀಚ್ ಬೇಡವೇ ಬೇಡ. ಹಚ್ಚಿದ ಭಾಗ ಬೆಳೆದು ಕತ್ತರಿಸುವ ತನಕ ಕಾಯಬೇಕು. ಕಬ್ಬಿಣದ ಅಂಶ ಇರುವ ಬೋರ್‌ವೆಲ್ ನೀರಿನಲ್ಲೇ ವರ್ಷಗಟ್ಟಲೆ ತಲೆಸ್ನಾನ ಮಾಡುವವರೂ ಈ ಪರೀಕ್ಷೆ ಮಾಡಿಕೊಳ್ಳಿ.

ಕೂದಲು ಸರಿ ಇದ್ದರೂ ಮನೆಯಲ್ಲಿ 20 ವಾಲ್ಯೂಮ್ ದಾಟಬೇಡಿ. ನಮ್ಮ ಕಪ್ಪು ಕೂದಲು ಮೊದಲು ಕೆಂಪಾಗಿ, ಆಮೇಲೆ ಕಿತ್ತಳೆಯಾಗಿ, ಕೊನೆಗೆ ಹಳದಿಗೆ ಬರುತ್ತದೆ. ಒಂದೇ ಸಲಕ್ಕೆ ಹಳದಿ ಬರಲಿ ಅಂತ 40 ವಾಲ್ಯೂಮ್ ಹಾಕಿದರೆ ನೆತ್ತಿ ಸುಡಬಹುದು. ಹಿಂದಿನ ದಿನ ತಲೆಸ್ನಾನ ಮಾಡಬೇಡಿ, ನೆತ್ತಿಯ ಸಹಜ ಜಿಡ್ಡು ಚರ್ಮವನ್ನು ಕಾಯುತ್ತದೆ. ನೆತ್ತಿಯ ಶಾಖಕ್ಕೆ ಬುಡದ ಹತ್ತಿರ ಬಣ್ಣ ಬೇಗ ಬಿಡುತ್ತದೆ, ಹಾಗಾಗಿ ಅಲ್ಲಿಗೆ ಕೊನೆಯಲ್ಲಿ ಹಚ್ಚಬೇಕು. ಕೈಗವಸು ಹಾಕಿ, ಕಿಟಕಿ ತೆಗೆದಿಡಿ. ಉಳಿದ ಮಿಶ್ರಣವನ್ನು ಬಾಟಲಿಗೆ ತುಂಬಿ ಮುಚ್ಚಳ ಹಾಕಿ ಇಡಲೇಬಾರದು. ಒಳಗೆ ಗ್ಯಾಸ್ ತುಂಬಿ ಬಾಟಲಿ ಸಿಡಿಯಬಹುದು.

ಡೈ ಹಚ್ಚುವವರಿಗೂ ಒಂದು ಮಾತು. ಪಿಪಿಡಿ ಅಲರ್ಜಿ ಒಮ್ಮೆ ಶುರುವಾದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಹತ್ತು ವರ್ಷ ಏನೂ ಆಗದೆ ಹನ್ನೊಂದನೇ ವರ್ಷ ಮುಖ ಊದಿಕೊಳ್ಳಬಹುದು. ಪ್ರತಿ ಸಲವೂ 48 ಗಂಟೆ ಮುಂಚೆ ಚೂರು ಡೈ ಕಲಸಿ, ಪ್ಯಾಕೆಟ್ಟಿನಲ್ಲಿ ಹೇಳಿದ ಹಾಗೆ ಚರ್ಮಕ್ಕೆ ಹಚ್ಚಿ ನೋಡಿ. ಮುಂಚೆ ತುರಿಕೆ, ಊತ ಬಂದಿದ್ದರೆ ಆ ಪರೀಕ್ಷೆಯೂ ಬೇಡ, ಡಾಕ್ಟರನ್ನು ಕೇಳಿ. ಹುಬ್ಬಿಗೆ, ರೆಪ್ಪೆಗೆ ಎಂದೂ ಬೇಡ, ಕಣ್ಣೇ ಹೋಗಬಹುದು.

ಮೊನ್ನೆ ಅಕ್ಕನ ಮಗಳು ಬ್ಲೀಚ್ ಮಾಡಿಕೊಳ್ತೀನಿ ಅಂತ ಬಂದಳು. ಮೆಹೆಂದಿ ಹಚ್ಚಿಲ್ಲ ಚಿಕ್ಕಮ್ಮ, ಬರೀ ಇಂಡಿಗೊ ಪುಡಿ, ನೀಲಿ ಬಣ್ಣ ಕೊಡುವ ಗಿಡದ್ದು, ಪೂರ್ತಿ ಎಲೆ ಅಂದಳು. ಅವಳ ಬಾಚಣಿಗೆಯಿಂದ ಕೂದಲು ತೆಗೆದು ಬಟ್ಟಲಲ್ಲಿ ಹಾಕಿ ಇಬ್ಬರೂ ಪಕ್ಕದಲ್ಲಿ ಕೂತೆವು. ಬಟ್ಟಲು ಬಿಸಿಯಾಗಲಿಲ್ಲ. ತೊಳೆದು ಕಿಟಕಿಯ ಬೆಳಕಿಗೆ ಹಿಡಿದಾಗ ಎಳೆಗಳು ಪಾಚಿಯ ಹಾಗೆ ಹಸಿರಾಗಿದ್ದವು. ಅವಳು ಅದನ್ನು ಕಾಗದದಲ್ಲಿ ಮಡಚಿಕೊಂಡು ಮನೆಗೆ ಹೋದಳು. ಈಗ ಕೂದಲು ಬೆಳೆಯಲಿ ಅಂತ ಕಾಯುತ್ತಿದ್ದಾಳೆ.