ದಾಸ್ತಾನಿನ ಸಾಫ್ಟ್‌ವೇರ್ ಕೊಳ್ಳುವ ಮುನ್ನ ಮೈಲುತುತ್ತದ ಒಂದು ಚೀಲ ಒಡೆದು ನೋಡಿ

ಶಿರಸಿಯಲ್ಲಿ ನಮ್ಮದು ಅಡಿಕೆ ತೋಟಕ್ಕೆ ಬೇಕಾದ ಸಾಮಾನಿನ ಅಂಗಡಿ. ಗೊಬ್ಬರ, ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ, ಪಂಪು, ಪೈಪು ಎಲ್ಲ ಇದೆ. ಅಪ್ಪನ ಕಾಲದಿಂದ ಖಾತೆ ಪುಸ್ತಕದಲ್ಲಿ ನಡೆದುಬಂದ ಲೆಕ್ಕವನ್ನು 2025ರ ಫೆಬ್ರುವರಿಯಲ್ಲಿ ಕಂಪ್ಯೂಟರಿಗೆ ಹಾಕಿದೆ. ಅದರಿಂದ ಪಟ್ಟ ಪಾಡು ಇನ್ನೊಬ್ಬ ಅಂಗಡಿಯವನಿಗೆ ಬರಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಸಾಫ್ಟ್‌ವೇರ್ ಮಾರಲು ಬಂದ ಹುಡುಗನ ಲ್ಯಾಪ್‌ಟಾಪಿನಲ್ಲಿ ಬಟ್ಟೆ ಅಂಗಡಿಯ ಸರಕು ಮೊದಲೇ ತುಂಬಿತ್ತು. ಅಂಗಿ 40, ಸೀರೆ 25. ಬಿಲ್ ಮಾಡಿದ ಹಾಗೆ ದಾಸ್ತಾನು ತಾನಾಗಿ ಇಳಿಯಿತು. ನೋಡಲು ಚೆನ್ನಾಗಿತ್ತು. ನನ್ನ ಅಂಗಡಿಯ ಒಂದು ಸರಕನ್ನಾದರೂ ಹಾಕಿ ತೋರಿಸು ಎಂದು ನಾನು ಕೇಳಲಿಲ್ಲ, ತಪ್ಪಿದ್ದು ಅಲ್ಲಿಯೇ. ಮೂರು ವರ್ಷದ್ದು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದ. 38,000 ರೂಪಾಯಿ ಕಟ್ಟಿಬಿಟ್ಟೆ.

ಅಂಗಿಯನ್ನು ಯಾರೂ ಅರ್ಧ ಕೊಳ್ಳುವುದಿಲ್ಲ. ಮೈಲುತುತ್ತ ಹಾಗಲ್ಲ. ನಮಗೆ ಬರುವುದು 50 ಕಿಲೋ ಚೀಲ. ದೊಡ್ಡ ತೋಟದವರು ಚೀಲವನ್ನೇ ಒಯ್ಯುತ್ತಾರೆ, ಉಳಿದವರಿಗೆ ಒಡೆದು ತೂಗಿ ಕೊಡಬೇಕು. ಅಡಿಕೆಯ ಕೊಳೆರೋಗ ತಡೆಯಲು ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೇಕು. ಹಾಗಾಗಿ ಮೂರು ಕಿಲೋ, ಏಳು ಕಿಲೋ ಎಂದು ಲೆಕ್ಕ ಹಾಕಿಕೊಂಡು ಬರುವವರೇ ಹೆಚ್ಚು. ಆ ಸಾಫ್ಟ್‌ವೇರಿನಲ್ಲಿ ಒಂದು ಸರಕಿಗೆ ಒಂದೇ ಅಳತೆ. ಕೇಳಿದರೆ, ‘ಬಿಡಿ ಮೈಲುತುತ್ತ’ ಎಂದು ಬೇರೆ ಹೆಸರಿನಲ್ಲಿ ಸೇರಿಸಿಕೊಳ್ಳಿ ಎಂದರು. ಅಂದರೆ ಚೀಲ ಒಡೆದಾಗಲೆಲ್ಲ ಒಂದು ಕಡೆ ಚೀಲ ಕಳೆದು ಇನ್ನೊಂದು ಕಡೆ 50 ಕಿಲೋ ಕೂಡಿಸುವುದು ನಮ್ಮದೇ ಕೆಲಸ. ಮಳೆ ಹಿಡಿಯುವ ಮುಂಚಿನ ನೂಕುನುಗ್ಗಲಿನಲ್ಲಿ, ಮೊಣಕೈವರೆಗೂ ನೀಲಿ ಪುಡಿ ಮೆತ್ತಿಕೊಂಡು ತೂಗುವ ಹುಡುಗ ಪ್ರತಿ ಸಲ ಕಂಪ್ಯೂಟರಿನ ಬಳಿ ಓಡಿ ಬರುವುದು ಆಗುವ ಮಾತೇ?

ಜೂನ್ ಮೊದಲ ವಾರ ಹುಲೇಕಲ್ ಕಡೆಯ ತೋಟದವರೊಬ್ಬರು ಫೋನ್ ಮಾಡಿ, “ಭಾವ, ನಾಲ್ಕು ಚೀಲ ಸಿಗುತ್ತದೆಯೇ?” ಎಂದು ಕೇಳಿದರು. ಪರದೆಯ ಮೇಲೆ 23 ಎಂದಿತ್ತು. “ಬನ್ನಿ ಭಾವ, ಬೇಕಾದಷ್ಟಿದೆ” ಎಂದೆ. ಮರುದಿನ ಅವರು ಜೀಪು ತಂದು ನಿಲ್ಲಿಸಿದಾಗ ಗೋದಾಮಿನಲ್ಲಿ ಇದ್ದದ್ದು ಒಂದೇ ಚೀಲ, ಅದರ ಬಾಯಿಯೂ ಬಿಚ್ಚಿತ್ತು. ಅವರು ಬೈಯಲಿಲ್ಲ. “ಕೊನೆಗೌಡ ನಾಳೆಗೆ ಮಾತ್ರ ಸಿಕ್ಕಿದ್ದಾನಲ್ಲ” ಎಂದಷ್ಟೇ ಹೇಳಿದರು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರು ಒಪ್ಪಿದ ದಿನ ತಪ್ಪಿದರೆ ಮತ್ತೆ ಯಾವಾಗ ಸಿಗುತ್ತಾರೋ. ಅಷ್ಟರಲ್ಲಿ ಮಳೆ ಜಡಿದರೆ ಕೊಳೆರೋಗ ಕಾಯುತ್ತದೆಯೇ? ಪೇಟೆಯ ಮೂರು ಅಂಗಡಿ ತಿರುಗಿ ಎರಡೂವರೆ ಚೀಲ ಹೊಂದಿಸಿ ಕೊಟ್ಟೆ. ಅವರಿಗೆ ಮುಖ ತೋರಿಸಲು ಇಂದಿಗೂ ಸಂಕೋಚವಾಗುತ್ತದೆ.

ಅದೇ ತಿಂಗಳು ಗಾಳಿಮಳೆಗೆ ಒಂದೂವರೆ ದಿನ ನೆಟ್ ಇರಲಿಲ್ಲ. ಇನ್ವರ್ಟರ್ ಇದ್ದು ಕಂಪ್ಯೂಟರ್ ನಡೆಯುತ್ತಿದ್ದರೂ ಲೆಕ್ಕವೆಲ್ಲ ಅವರ ಸರ್ವರಿನಲ್ಲಿ. ಬಿಲ್ ಇಲ್ಲ, ಯಾರ ಉದ್ರಿ ಎಷ್ಟು ಎಂದು ನೋಡುವ ದಾರಿಯೂ ಇಲ್ಲ. ನಮ್ಮ ಮಳೆಗಾಲ ಕಂಡವರು ನೆಟ್ ಇಲ್ಲದೆ ಬಿಲ್ ಆಗದ ಸಾಫ್ಟ್‌ವೇರನ್ನು ದಯವಿಟ್ಟು ಮುಟ್ಟಬೇಡಿ.

ಸೆಪ್ಟೆಂಬರ್ 22ರಂದು ಬೇವಿನ ಮೂಲದ ಕೀಟನಾಶಕಗಳ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತಲ್ಲ, ಆಗ ದರ ತಿದ್ದಿದೆ. ಆಗಸ್ಟಿನ ಬಿಲ್ಲೊಂದನ್ನು ಮತ್ತೆ ಮುದ್ರಿಸಿದರೆ ಅದರಲ್ಲಿಯೂ 5 ಎಂದು ಬಂತು! ನಮ್ಮ ತೆರಿಗೆ ಸಲಹೆಗಾರರು ಅದನ್ನು ನೋಡಿ, ಇದನ್ನು ಇವತ್ತೇ ಬಿಡಿ ಎಂದರು.

ಬಿಡಲು ಹೊರಟಾಗ ಇನ್ನೊಂದು ಗೊತ್ತಾಯಿತು. ನಾನೇ ತುಂಬಿದ ಲೆಕ್ಕವನ್ನು ಎಕ್ಸೆಲ್ ರೂಪದಲ್ಲಿ ತೆಗೆಯಲು ಮೇಲಿನ ದರ್ಜೆಯ ಯೋಜನೆ ಕೊಳ್ಳಬೇಕಂತೆ. ಸಿಗುವುದು ಪಿಡಿಎಫ್ ಮಾತ್ರ. ಅವಧಿ ಮುಗಿದ ಮೇಲೆ ಒಳಗೆ ಹೋಗಿ ನೋಡುವುದಕ್ಕೂ ಆಗುವುದಿಲ್ಲ. ಜಿಎಸ್‌ಟಿ ಕಾಯ್ದೆಯಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳು ಕಾಪಾಡಬೇಕಾದದ್ದು ನಾವು, ಅವರಲ್ಲ. ಉಳಿದ ಹಣವೂ ಹಿಂದಿರುಗಲಿಲ್ಲ.

ಈ ಸಲ ಹಣ ಕೊಡುವ ಮೊದಲು ಮಾರುವವರನ್ನು ಅಂಗಡಿಯಲ್ಲಿಯೇ ಕೂರಿಸಿಕೊಂಡೆ. ಒಂದು ಚೀಲ ಮೈಲುತುತ್ತ ಖರೀದಿ ಹಾಕಿಸಿ ಏಳು ಕಿಲೋ ಮಾರಿಸಿದೆ, 43 ಉಳಿಯಬೇಕು. ನೆಟ್ ತಂತಿ ಕಿತ್ತು ಬಿಲ್ ಮಾಡಿಸಿದೆ. ಕೀಟನಾಶಕಕ್ಕೆ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಹಾಕಿಸಿದೆ. ಕೊನೆಗೆ, ಹಾಕಿದ್ದನ್ನೆಲ್ಲ ಎಕ್ಸೆಲ್‌ಗೆ ತೆಗೆದು ನನ್ನ ಪೆನ್‌ಡ್ರೈವಿಗೆ ಕೊಡಿ ಎಂದೆ. ಇಬ್ಬರು ಈ ಕೊನೆಯ ಮಾತಿಗೇ ಎದ್ದು ಹೋದರು. ಮೂರನೆಯವರು ಕೊಟ್ಟರು. ಅವರದ್ದನ್ನೂ ಒಂದು ವರ್ಷಕ್ಕೆ ಮಾತ್ರ ಕೊಂಡಿದ್ದೇನೆ.

ಈಗ ರಾತ್ರಿ ಬಾಗಿಲು ಹಾಕಿದ ಮೇಲೆ ನಾನೂ ತಂಗಿಯೂ ಹಳೆಯ ಪಿಡಿಎಫ್ ನೋಡಿಕೊಂಡು ಉದ್ರಿ ಲೆಕ್ಕವನ್ನು ಒಂದೊಂದಾಗಿ ಹೊಸದಕ್ಕೆ ಏರಿಸುತ್ತಿದ್ದೇವೆ. 312 ಖಾತೆಗಳಲ್ಲಿ 180 ಮುಗಿದಿವೆ.