ಏಳು ಅಡಿ ರಾಡ್‌ಗೆ ಒಪ್ಪಿದ ಗೈಡ್ ಸೆಟ್

ಹಾಸನದ ಮನೆಯಲ್ಲೇ ಕೂತು ನನ್ನ ಏಳು ಅಡಿ ಮೀನು ಹಿಡಿಯುವ ಸ್ಪಿನ್ನಿಂಗ್ ರಾಡ್‌ಗೆ ಫ್ಯೂಜಿ ಕಂಪನಿಯ ಕೆಆರ್ ಗೈಡ್ ಸೆಟ್ ಕಟ್ಟಿದೆ. ಗೈಡ್ ಅಂದರೆ ರಾಡ್ ಉದ್ದಕ್ಕೂ ದಾರ ಹಾದುಹೋಗುವ ರಿಂಗು. ರೀಲ್ ಕಡೆಯಿಂದ ಮೊದಲ ಮೂರು 20, 10, 5.5. ಆಮೇಲೆ ತುದಿವರೆಗೂ 5.5. ಈ ನಂಬರ್ ರಿಂಗಿನ ಹೊರ ಅಳತೆ, ಮಿಲಿಮೀಟರ್‌ನಲ್ಲಿ. ಇಷ್ಟು ಸಣ್ಣದರಲ್ಲಿ ದಾರ ಸಿಕ್ಕಿಕೊಳ್ಳುತ್ತದೆ ಅಂತ ಭಯವಿತ್ತು. ಗೊರೂರು ಹಿನ್ನೀರಲ್ಲಿ ಎಸೆದು ನೋಡಿದೆ. 2500 ಸೈಜಿನ ರೀಲಿಂದ ಸುರುಳಿ ಸುರುಳಿಯಾಗಿ ಬರುವ ಬ್ರೇಡ್ (ಹೆಣೆದ) ದಾರ ಮೂರನೇ ಗೈಡ್ ಹೊತ್ತಿಗೆ ನೆಟ್ಟಗಾಗಿ, ಸದ್ದಿಲ್ಲದೆ ಹೋಗುತ್ತದೆ. ತುದಿ ಎಷ್ಟು ಹಗುರ ಅಂದರೆ, ಮೀನು ಮೂತಿ ತಾಗಿಸಿದರೂ ಬೆರಳಿಗೆ ಗೊತ್ತಾಗುತ್ತದೆ.

ಬ್ರೇಡ್ ತುದಿಗೆ ದಪ್ಪ ಲೀಡರ್ (ಗಾಳದ ಕಡೆಯ ಬೇರೆ ದಾರ) ಕಟ್ಟುವವರು ಮಾತ್ರ ಮೊದಲು ಗಂಟನ್ನು ತುದಿ ಗೈಡಲ್ಲಿ ತೂರಿಸಿ ನೋಡಿ. ನನ್ನ ಎಫ್‌ಜಿ ಗಂಟು ಸಲೀಸಾಗಿ ಹೋಯಿತು. ಡಬಲ್ ಯೂನಿ ಗಂಟು ಟಕ್ ಅಂತ ತಡೆಯಿತು. ಗಂಟು ಹಾಗೆ ತಡೆದರೆ 6ನೇ ಸೈಜ್ ತಗೊಳ್ಳಿ, ಸುಮ್ನೆ ಹಠ ಬೇಡ.